ನಕಾಶೆಯ ಲಿಪಿಕಾರರು: ಧನಕವಡಿಯಲ್ಲಿ ದೊರೆತ ಮೂರು ಟಿಪ್ಪಣಿ ಪುಸ್ತಕಗಳ ಹಿನ್ನೆಲೆಯಲ್ಲಿ

ನಡುಗನ್ನಡ ಕಾವ್ಯಗಳ ಓಲೆಪ್ರತಿಗಳೊಡನೆ ಬದುಕಿನ ಬಹುಭಾಗವನ್ನು ಕಳೆದಿರುವವನು ಯಂತ್ರಗಳ ನಕಾಶೆಯನ್ನು ಕುರಿತು ಬರೆಯಹೊರಡುವುದು ಅನಧಿಕಾರ ಚೇಷ್ಟೆಯೆಂದು ಓದುಗರಿಗೆ ತೋರಬಹುದು. ಈ ಸಾಹಸಕ್ಕೆ ಕಾರಣವಾದುದು ಪುಣೆಯ ಧನಕವಡಿಯಲ್ಲಿದ್ದ ನನ್ನ ಸೋದರಮಾವನವರ ಮನೆಯ ಅಟ್ಟ. ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಐ.ಟಿ.ಐ.ಯಲ್ಲಿ ಎರಡು ವರ್ಷಗಳ ಡ್ರಾಫ್ಟ್ಸ್‌ಮನ್ ಶಿಕ್ಷಣವನ್ನು ಮುಗಿಸಿ, 1967ರಲ್ಲಿ ಪುಣೆಗೆ ಬಂದ ಅವರು ಇಂಜಿನ್ನಿನ ಬಿಡಿಭಾಗಗಳನ್ನು ತಯಾರಿಸುವ ಒಂದು ಕಾರ್ಖಾನೆಯಲ್ಲಿ 2004ರವರೆಗೆ ನಕಾಶೆ ಬರೆದರು. ಅವರು ತೀರಿಕೊಂಡ ಮೇಲೆ ಮನೆಯನ್ನು ಖಾಲಿ ಮಾಡುವಾಗ ಅಟ್ಟದಲ್ಲಿ ಉಳಿದಿದ್ದುದು ಇಷ್ಟು: ಮಖಮಲ್ಲಿನ ಒಳಪದರವುಳ್ಳ ಕೈವಾರದ ಪೆಟ್ಟಿಗೆ, ಅಕ್ಷರ ಬರೆಯುವ ನಾಲ್ಕು ಸ್ಟೆನ್ಸಿಲ್‌ಗಳು, ತುಕ್ಕು ಹಿಡಿದ ಬ್ಲೇಡುಗಳ ಒಂದು ಪೊಟ್ಟಣ, ಕನ್ನಡದಲ್ಲಿ ಬರೆದ ಮೂರು ಟಿಪ್ಪಣಿ ಪುಸ್ತಕಗಳು. ಇಂಥ ಪುಸ್ತಕಗಳು ಇನ್ನೂ ಹತ್ತು ಹದಿನೈದು ಇದ್ದವೆಂದೂ ಹಿಂದೊಮ್ಮೆ ಮನೆ ಬದಲಿಸುವಾಗ ರದ್ದಿಗೆ ಹೋದವೆಂದೂ ಅತ್ತೆ ಹೇಳಿದರು. ಗ್ರಂಥಸಂಪಾದನೆಯ ಅಭ್ಯಾಸವುಳ್ಳವರಿಗೆ ಈ ಮಾತು ಹೊಸದೇನೂ ಅಲ್ಲ. ಆದರೂ ಕೇಳಿದಾಗ ಮನಸ್ಸು ಮುದುಡಿತು.

ಧನಕವಡಿಯ ನೆಲೆಯನ್ನು ಮೊದಲು ಸ್ವಲ್ಪ ಪರಿಚಯಿಸಬೇಕು. ಪುಣೆಯಿಂದ ಸಾತಾರಾ, ಕೊಲ್ಲಾಪುರಗಳ ಮೂಲಕ ಬೆಳಗಾವಿಗೆ ಇಳಿಯುವ ಹಳೆಯ ದಾರಿ ಕಾತ್ರಜದ ಘಟ್ಟವನ್ನು ಏರುವ ಮುನ್ನ ಇದರ ಮಗ್ಗುಲಲ್ಲಿ ಹಾದುಹೋಗುತ್ತದೆ. ಪೇಶ್ವೆ ನಾನಾಸಾಹೇಬನ ಕಾಲದಲ್ಲಿ ಕಾತ್ರಜದ ಕೆರೆಯಿಂದ ಶನಿವಾರವಾಡೆಯವರೆಗೆ ನೀರನ್ನು ಒಯ್ಯಲು ಕಟ್ಟಿದ ನೆಲದಡಿಯ ಕಾಲುವೆ ಇದೇ ದಿಕ್ಕಿನದು. 1983ರಲ್ಲಿ ಆರಂಭವಾದ ಎರಡು ತಾಂತ್ರಿಕ ವಿದ್ಯಾಲಯಗಳು, ಪುಣೆ ಇನ್‌ಸ್ಟಿಟ್ಯೂಟ್ ಆಫ್ ಕಂಪ್ಯೂಟರ್ ಟೆಕ್ನಾಲಜಿ ಮತ್ತು ಭಾರತಿ ವಿದ್ಯಾಪೀಠದ ಇಂಜಿನಿಯರಿಂಗ್ ಕಾಲೇಜು, ಈ ಪರಿಸರದಲ್ಲಿಯೇ ಇವೆ. ಒಂದು ಕಾಲೇಜಿನ ಹೆಸರಿನಲ್ಲಿಯೇ ಕಂಪ್ಯೂಟರು ಸೇರಿಕೊಂಡಿದ್ದ ಆ ದಿನಗಳಲ್ಲಿ, ಅದರ ಬಾಗಿಲಿನ ಮುಂದೆ ಓಡಾಡುತ್ತಿದ್ದ ಹುಡುಗರ ಹೆಗಲಲ್ಲಿ ನಕಾಶೆಹಾಳೆಯ ಉದ್ದನೆಯ ಕೊಳವೆ, ಕೈಯಲ್ಲಿ ಮಿನಿಡ್ರಾಫ್ಟರ್ ಇರುತ್ತಿದ್ದವು. ಪ್ರಸ್ತುತ ಲೇಖನದ ವಸ್ತು ಈ ಎರಡರ ನಡುವಣ ಇಪ್ಪತ್ತು ವರ್ಷಗಳ ಸಂಧಿಕಾಲ.

ಈ ಸಂಧಿಕಾಲವನ್ನು ಸಾಮಾನ್ಯವಾಗಿ ಉಪಕರಣಗಳ ಬದಲಾವಣೆಯ ಕಥೆಯಾಗಿ ಹೇಳಲಾಗುತ್ತದೆ: ಪೆನ್ಸಿಲು ಹೋಯಿತು, ಮೌಸು ಬಂದಿತು ಎಂದು. ಟಿಪ್ಪಣಿ ಪುಸ್ತಕಗಳನ್ನು ಓದಿದ ಮೇಲೆ ಈ ನಿರೂಪಣೆ ಸಾಲದೆಂಬ ಅಭಿಪ್ರಾಯ ನನಗೆ ಉಂಟಾಗಿದೆ. ಬದಲಾದುದು ಉಪಕರಣವಷ್ಟೇ ಅಲ್ಲ, ‘ಪಾಠ’ದ ಸ್ವರೂಪ. ಒಂದು ಯಂತ್ರಭಾಗದ ಅಧಿಕೃತ ಪಾಠ ಎಲ್ಲಿದೆ, ಅದನ್ನು ಯಾರು ತಿದ್ದಿದರು, ಏಕೆ ತಿದ್ದಿದರು ಎಂಬ ಪ್ರಶ್ನೆಗಳಿಗೆ ಕಾಗದದ ಯುಗದಲ್ಲಿ ದೊರೆಯುತ್ತಿದ್ದ ಉತ್ತರ ಬೇರೆ, ಅನಂತರ ದೊರೆತ ಉತ್ತರ ಬೇರೆ.

ಕಾಗದದ ನಕಾಶೆಯೂ ನಮ್ಮಲ್ಲಿ ಅನಾದಿಯಾದುದಲ್ಲ. ಎಂಟನೆಯ ಶತಮಾನದಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿ ಎಂಬ ಬಿರುದು ಸಂದುದನ್ನು ಅಲ್ಲಿಯ ಶಾಸನ ಹೇಳುತ್ತದೆ. ಅದೇ ಗುಡಿಯ ಸಂಬಂಧದಲ್ಲಿ ಸರ್ವಸಿದ್ಧಿ ಆಚಾರಿಯನ್ನು ಸೂತ್ರಧಾರಿ ಎಂದು ಕರೆಯಲಾಗಿದೆ. ಸೂತ್ರವೆಂದರೆ ಅಳತೆಯ ದಾರ. ಅದನ್ನು ಹಿಡಿದವನೇ ವಿನ್ಯಾಸಕಾರ. ಮಧ್ಯಪ್ರದೇಶದ ಭೋಜಪುರದಲ್ಲಿ, ಅಪೂರ್ಣವಾಗಿ ಉಳಿದ ಶಿವಾಲಯದ ಸುತ್ತಲಿನ ಬಂಡೆಗಳ ಮೇಲೆ ಹನ್ನೊಂದನೆಯ ಶತಮಾನದ ರೇಖಾವಿನ್ಯಾಸಗಳು ಕೊರೆದಂತೆಯೇ ಉಳಿದಿವೆ. ಅಲ್ಲಿ ವಿನ್ಯಾಸ ಮತ್ತು ಕಟ್ಟಡ ಒಂದೇ ನೆಲದಲ್ಲಿದ್ದವು, ನಡುವೆ ಟಪಾಲು ಇರಲಿಲ್ಲ. ದೂರದ ಊರಿನಲ್ಲಿ ಕುಳಿತವನು ಬರೆದ ರೇಖೆಯಿಂದ, ಅವನನ್ನು ಎಂದೂ ನೋಡದ ಕಮ್ಮಾರನು ವಸ್ತುವನ್ನು ತಯಾರಿಸಬಹುದೆಂಬ ಭರವಸೆಗೆ ಶಾಸ್ತ್ರೀಯ ಆಧಾರ ದೊರೆತದ್ದು ಗಾಸ್ಪಾರ್ ಮಾಂಝ್ ಎಂಬ ಫ್ರೆಂಚ್ ಗಣಿತಜ್ಞನ ವರ್ಣನಾತ್ಮಕ ಜ್ಯಾಮಿತಿಯಿಂದ. ಆತನ ಗ್ರಂಥ 1799ರಲ್ಲಿ ಪ್ರಕಟವಾಯಿತು.

ಪುಣೆಯಲ್ಲಿ ಈ ವಿದ್ಯೆಗೆ 1854ರಲ್ಲಿಯೇ ಶಾಲೆಯಾಯಿತು. ಅದೇ ಮುಂದೆ ಸೈನ್ಸ್ ಕಾಲೇಜಾಗಿ, ಅಲ್ಲಿ ಓದಿದ ವಿಶ್ವೇಶ್ವರಯ್ಯನವರು 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಧನಕವಡಿಯ ಪಶ್ಚಿಮಕ್ಕಿರುವ ಖಡಕ್‌ವಾಸ್ಲಾ ಜಲಾಶಯದಲ್ಲಿ 1903ರಲ್ಲಿ ಅಳವಡಿಸಿದ ಅವರ ಸ್ವಯಂಚಾಲಿತ ಬಾಗಿಲುಗಳು ಪ್ರಸಿದ್ಧವಾಗಿವೆ. ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಸಂಗತಿಯಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಮನೆಮಾತು ಮರಾಠಿ, ನೆಲ ಕನ್ನಡದ್ದು. ಚಿತ್ರಕಾರರಾಗಬೇಕೆಂದು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರಿದ ಅವರಿಗೆ ವರ್ಣಾಂಧತೆ ಅಡ್ಡಿಯಾಯಿತು. ಬಣ್ಣಗಳನ್ನು ಬಿಟ್ಟು ಗೆರೆಗಳನ್ನು ಹಿಡಿದರು. ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರನಕಾಶೆಯ ಅಧ್ಯಾಪಕರಾದರು. ಆ ಕೆಲಸವನ್ನು ಬಿಟ್ಟು ಬೆಳಗಾವಿಗೆ ಹಿಂದಿರುಗಿ, ಸೈಕಲ್ ಅಂಗಡಿಯಿಂದ ಕಬ್ಬಿಣದ ನೇಗಿಲಿಗೆ, ಅಲ್ಲಿಂದ 1910ರಲ್ಲಿ ಕಿರ್ಲೋಸ್ಕರವಾಡಿಗೆ ಸಾಗಿದ ಅವರ ಉದ್ಯಮ 1940ರ ದಶಕದಲ್ಲಿ ಹರಿಹರ, ಬೆಂಗಳೂರು, ಪುಣೆಗಳಿಗೆ ಹಬ್ಬಿತು. ದಕ್ಷಿಣ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕಗಳ ಯಂತ್ರೋದ್ಯಮದ ಮೂಲದಲ್ಲಿ ಒಬ್ಬ ನಕಾಶೆಯ ಮೇಷ್ಟ್ರು ಇದ್ದರೆಂಬುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಬೆಳಗಾವಿ, ಧಾರವಾಡ, ವಿಜಾಪುರಗಳ ಕಡೆಯ ಹುಡುಗರು 1960ರ ದಶಕದಲ್ಲಿ ಪುಣೆಯ ಕಾರ್ಖಾನೆಗಳ ಡ್ರಾಯಿಂಗ್ ಆಫೀಸುಗಳಿಗೆ ಬಂದದ್ದು ಈ ಹಾದಿಯನ್ನು ಹಿಡಿದು.

ಆ ಡ್ರಾಯಿಂಗ್ ಆಫೀಸಿನ ವ್ಯವಸ್ಥೆ ಹಸ್ತಪ್ರತಿ ಭಂಡಾರವನ್ನು ಬಲ್ಲವರಿಗೆ ಕೂಡಲೇ ಪರಿಚಿತವೆನಿಸುತ್ತದೆ. ವಿನ್ಯಾಸಕಾರ ಇಂಜಿನಿಯರನು ಒಂದು ಒರಟು ಚಿತ್ರವನ್ನೂ ಲೆಕ್ಕವನ್ನೂ ಕೊಡುತ್ತಿದ್ದನು. ಡ್ರಾಫ್ಟ್ಸ್‌ಮನ್ ಅದನ್ನು ಪೆನ್ಸಿಲಿನಿಂದ ಅಳತೆಗೆ ಸರಿಯಾಗಿ ಹಾಳೆಯ ಮೇಲೆ ಇಳಿಸುತ್ತಿದ್ದನು. ಆ ಹಾಳೆಯ ಮೇಲೆ ಪಾರದರ್ಶಕವಾದ ಬಟ್ಟೆಯನ್ನೋ ಕಾಗದವನ್ನೋ ಹಾಸಿ ಮಸಿಯಿಂದ ನಕಲು ತೆಗೆಯುವವನು ಟ್ರೇಸರ್. ಅದನ್ನು ಗೆರೆಗೆರೆಯಾಗಿ ಓದಿ ತಪ್ಪನ್ನು ಗುರುತಿಸುವವನು ಚೆಕರ್. ಹಾಳೆಯ ಬಲಗಡೆಯ ಕೆಳಮೂಲೆಯಲ್ಲಿ ಒಂದು ಚೌಕ. ಅದರಲ್ಲಿ ಬರೆದವನು, ನಕಲು ತೆಗೆದವನು, ಪರೀಕ್ಷಿಸಿದವನು, ಒಪ್ಪಿಗೆಯಿತ್ತವನು ಇವರ ಸಹಿಗಳು ಮತ್ತು ದಿನಾಂಕಗಳು. ಓಲೆಪ್ರತಿಯ ಕೊನೆಯಲ್ಲಿ ಲಿಪಿಕಾರನು ಸಂವತ್ಸರ, ಮಾಸ, ತಿಥಿಗಳೊಡನೆ ತನ್ನ ಹೆಸರನ್ನು ಬರೆದು, ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂದು ಬೇಡಿಕೊಳ್ಳುವ ಪದ್ಧತಿಯನ್ನು ಇಲ್ಲಿ ನೆನೆಯಬಹುದು. ನಕಾಶೆಯ ಚೌಕದಲ್ಲಿ ಬೇಡಿಕೆಯಿಲ್ಲ. ಅದರ ಬದಲು ತಿದ್ದುಪಡಿಗಳ ಪಟ್ಟಿಯಿದೆ. ಎ, ಬಿ, ಸಿ ಎಂಬ ಗುರುತಿನೊಡನೆ ಪ್ರತಿಯೊಂದು ತಿದ್ದುಪಡಿಯ ದಿನಾಂಕವನ್ನು ನಮೂದಿಸಬೇಕು.

ಮೂಲಪ್ರತಿ ಕಾರ್ಯಾಗಾರಕ್ಕೆ ಹೋಗುತ್ತಿರಲಿಲ್ಲ. ಅದು ಚಪ್ಪಟೆಯಾದ ಉಕ್ಕಿನ ಕಪಾಟಿನಲ್ಲಿರಬೇಕು. ಹೋಗುವುದು ಅದರ ಛಾಯಾಪ್ರತಿ. ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ವಿಧಾನದಿಂದ ನೀಲಿಯ ಮೇಲೆ ಬಿಳಿಗೆರೆಗಳು ಮೂಡುತ್ತಿದ್ದುದರಿಂದ ಬ್ಲೂಪ್ರಿಂಟ್ ಎಂಬ ಹೆಸರು ಬಂದಿತು. ನನ್ನ ಸೋದರಮಾವನವರು ಕೆಲಸಕ್ಕೆ ಸೇರುವ ವೇಳೆಗೆ ಆ ಪದ್ಧತಿ ಹಿಂದೆ ಸರಿದು, ಅಮೋನಿಯದ ಹೊಗೆಯಲ್ಲಿ ಬಿಳಿಯ ಮೇಲೆ ಕಪ್ಪುಗೆರೆಗಳನ್ನು ಮೂಡಿಸುವ ಯಂತ್ರ ಬಂದಿತ್ತು. ಆ ಕೋಣೆಯಿಂದ ಬಂದವರ ಕಣ್ಣುಗಳು ಸಂಜೆಯವರೆಗೂ ಕೆಂಪಗಿರುತ್ತಿದ್ದವಂತೆ. ಕನ್ನಡವಾದರೋ ‘ನೀಲನಕ್ಷೆ’ ಎಂಬ ಮಾತನ್ನು ಇಂದಿಗೂ ಬಿಟ್ಟಿಲ್ಲ. ನಮ್ಮ ಪರೀಕ್ಷಾ ಮಂಡಲಿಗಳು ಪ್ರಶ್ನೆಪತ್ರಿಕೆಗೂ ನೀಲನಕ್ಷೆ ತಯಾರಿಸುತ್ತವೆ. ನೀಲಿಯೂ ಇಲ್ಲ, ನಕ್ಷೆಯೂ ಇಲ್ಲ.

ಪೊಟ್ಟಣದಲ್ಲಿದ್ದ ಬ್ಲೇಡುಗಳ ಉಪಯೋಗ ನನಗೆ ಮೊದಲು ಹೊಳೆಯಲಿಲ್ಲ. ಮಸಿಯ ಗೆರೆಯನ್ನು ತಿದ್ದಬೇಕಾದರೆ ಅದನ್ನು ಬ್ಲೇಡಿನ ಮೂಲೆಯಿಂದ ಹಗುರವಾಗಿ ಕೆರೆದು, ಉಗುರಿನಿಂದ ಉಜ್ಜಿ ನುಣುಪುಗೊಳಿಸಿ, ಹೊಸ ಗೆರೆಯನ್ನು ಎಳೆಯಬೇಕು. ಎರಡು ಮೂರು ಬಾರಿ ಕೆರೆದ ಜಾಗ ತೆಳುವಾಗುತ್ತದೆ. ಮತ್ತೊಮ್ಮೆ ಕೆರೆದರೆ ತೂತು. ಆಗ ಇಡೀ ಹಾಳೆಯನ್ನು ಹೊಸದಾಗಿ ನಕಲು ತೆಗೆಯಬೇಕು. ದೊಡ್ಡ ಹಾಳೆಯೆಂದರೆ 841 ಮಿಲಿಮೀಟರ್ ಅಗಲ, 1189 ಮಿಲಿಮೀಟರ್ ಉದ್ದ. ಒಂದು ಚದರ ಮೀಟರ್ ಗೆರೆಗಳು. ಅನುಭವಿಯಾದ ಡ್ರಾಫ್ಟ್ಸ್‌ಮನ್ ಮೂಲಪ್ರತಿಯನ್ನು ಬೆಳಕಿಗೆ ಹಿಡಿದು, ಯಾವ ಜಾಗ ಎಷ್ಟು ಬಾರಿ ತಿದ್ದಲ್ಪಟ್ಟಿದೆಯೆಂದು ಹೇಳಬಲ್ಲವನಾಗಿದ್ದನು. ಪಾಠಾಂತರಗಳು ಕಾಗದದ ಮೈಯಲ್ಲಿಯೇ ಇದ್ದವು.

ಟಿಪ್ಪಣಿಗಳಲ್ಲಿ ಮೊದಲನೆಯ ಪುಸ್ತಕದ ಅರ್ಧಭಾಗ ‘ಉಲ್ಟಾ’ ಎಂಬ ತಲೆಬರಹದ ಕೆಳಗಿದೆ. ಅದರ ಅರ್ಥ ತಿಳಿಯಲು ನಿವೃತ್ತ ಇಂಜಿನಿಯರೊಬ್ಬರ ನೆರವು ಬೇಕಾಯಿತು. ಅಮೆರಿಕದ ನಕಾಶೆಗಳು ಮೂರನೆಯ ಕೋನದ ಪ್ರಕ್ಷೇಪದಲ್ಲಿರುತ್ತವೆ: ವಸ್ತುವಿನ ಮೇಲ್ನೋಟವನ್ನು ಮುನ್ನೋಟದ ಮೇಲ್ಗಡೆ ಬರೆಯಲಾಗುತ್ತದೆ. ಯುರೋಪಿನ ಮೊದಲ ಕೋನದ ಪದ್ಧತಿಯಲ್ಲಿ ಮೇಲ್ನೋಟವು ಕೆಳಗಡೆ ಇರುತ್ತದೆ, ಎಡಬಲಗಳೂ ಅದಲುಬದಲಾಗುತ್ತವೆ. ಪುಣೆಯ ಕಾರ್ಖಾನೆಗಳಿಗೆ ಸಹಯೋಗದ ಒಪ್ಪಂದಗಳ ಮೂಲಕ ಎರಡೂ ಬಗೆಯ ನಕಾಶೆಗಳು ಬರುತ್ತಿದ್ದವು. ಬಜಾಜ್ ಇಟಲಿಯ ಪಿಯಾಜಿಯೋದೊಡನೆ, ಕಿರ್ಲೋಸ್ಕರರು 1962ರಲ್ಲಿ ಅಮೆರಿಕದ ಕಮಿನ್ಸ್‌ನೊಡನೆ ಕೈಜೋಡಿಸಿದ ಕಾಲವದು. ಇದರೊಡನೆ 1956ರ ಕಾನೂನಿನ ಫಲವಾಗಿ ದೇಶ ಮೆಟ್ರಿಕ್ ಮಾನಕ್ಕೆ ಹೊರಳಿತ್ತು. ಒಂದು ಇಂಚನ್ನು 25.4 ಮಿಲಿಮೀಟರ್ ಎಂದು ಗುಣಿಸಿದರೆ ಸಾಲದು, ಎಷ್ಟು ದಶಮಾಂಶಕ್ಕೆ ನಿಲ್ಲಿಸಬೇಕು, ಸೈರಣೆಯ ಅಂತರವೆಷ್ಟು ಎಂಬುದನ್ನು ನಿರ್ಧರಿಸಬೇಕು. ಇದು ನಕಲಲ್ಲ, ಅನುವಾದ. ಮೂಲಕ್ಕೆ ನಿಷ್ಠನಾಗಿರುತ್ತಲೇ ಇಲ್ಲಿಯ ಲೋಹಕ್ಕೆ, ಇಲ್ಲಿಯ ಲೇತಿಗೆ ಒಗ್ಗುವಂತೆ ಬರೆಯಬೇಕಾದ ಈ ಕೆಲಸವನ್ನು ಮಾಡಿದವರಲ್ಲಿ ಹಲವರು ಇಂಗ್ಲಿಷನ್ನು ಕಷ್ಟಪಟ್ಟು ಓದುತ್ತಿದ್ದವರು. ನಕಾಶೆಯನ್ನು ಮಾತ್ರ ಅವರು ಯಾವ ಭಾಷೆಯದಾದರೂ ಓದುತ್ತಿದ್ದರು.

ಕಾಗದದ ನಕಾಶೆಯ ಒಂದು ನಿಯಮವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ನಕಾಶೆಯ ಮೇಲೆ ಅಳತೆಪಟ್ಟಿಯನ್ನಿಟ್ಟು ಅಳೆಯಕೂಡದೆಂಬ ಎಚ್ಚರಿಕೆಯನ್ನು ಹಾಳೆಯ ಮೇಲೆಯೇ ಮುದ್ರಿಸಲಾಗುತ್ತಿತ್ತು. ಕಾಗದ ತೇವಕ್ಕೆ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ. ಆದುದರಿಂದ ಬರೆದ ಅಂಕಿಯೇ ಪ್ರಮಾಣ, ಗೆರೆ ಕೇವಲ ಸೂಚನೆ. ತುರ್ತಿನಲ್ಲಿ ಅಂಕಿಯನ್ನಷ್ಟೇ ಬದಲಿಸಿ, ಅದರ ಕೆಳಗೆ ಅಡ್ಡಗೆರೆ ಎಳೆದು, ಚಿತ್ರವು ಅಳತೆಗೆ ಸರಿಯಿಲ್ಲವೆಂದು ಸೂಚಿಸಿದರೆ ಸಾಕಾಗುತ್ತಿತ್ತು. ಅಂಕಿಗೂ ಗೆರೆಗೂ ನಡುವೆ ಒಂದು ಬಿರುಕಿಗೆ ಅವಕಾಶವಿತ್ತು. ಆ ಬಿರುಕನ್ನು ತುಂಬುತ್ತಿದ್ದವನು ಓದುವ ಮನುಷ್ಯ.

ಕಂಪ್ಯೂಟರು ಮುಚ್ಚಿದ್ದು ಈ ಬಿರುಕನ್ನೇ. ಅಮೆರಿಕದ ಎಂ.ಐ.ಟಿ.ಯಲ್ಲಿ ಇವಾನ್ ಸದರ್ಲ್ಯಾಂಡ್ ಎಂಬ ಸಂಶೋಧಕನು 1963ರಲ್ಲಿ ಸಲ್ಲಿಸಿದ ಮಹಾಪ್ರಬಂಧದ ‘ಸ್ಕೆಚ್‌ಪ್ಯಾಡ್’ ವ್ಯವಸ್ಥೆಯಲ್ಲಿ, ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆಯುವುದಷ್ಟೇ ಅಲ್ಲದೆ, ಈ ಎರಡು ಗೆರೆಗಳು ಸಮಾಂತರವಾಗಿಯೇ ಇರತಕ್ಕದ್ದು ಎಂಬಂಥ ನಿಬಂಧನೆಗಳನ್ನು ವಿಧಿಸುವ ಸೌಲಭ್ಯವಿತ್ತು. ಆದರೆ ಪುಣೆಯಂಥ ಊರಿನ ಸಾಮಾನ್ಯ ಕಾರ್ಖಾನೆಗಳಿಗೆ ಮೊದಲು ಬಂದದ್ದು ಇಷ್ಟು ಜಾಣವಾದುದಲ್ಲ. 1982ರಲ್ಲಿ ಹೊರಬಂದ ಆಟೋಕ್ಯಾಡ್ ಸಣ್ಣ ಕಂಪ್ಯೂಟರಿನಲ್ಲಿ ನಡೆಯುತ್ತಿತ್ತು; 1984ರ ಕಂಪ್ಯೂಟರ್ ನೀತಿ ಆಮದಿನ ನಿರ್ಬಂಧಗಳನ್ನು ಸಡಿಲಿಸಿತು; 1991ರ ನಂತರ ಹಾದಿ ಇನ್ನೂ ಸುಗಮವಾಯಿತು. ಈ ಹಂತದಲ್ಲಿ ಕಂಪ್ಯೂಟರು ಮಿಂಚಿನ ವೇಗದ ಡ್ರಾಯಿಂಗ್ ಹಲಗೆಯಷ್ಟೇ ಆಗಿತ್ತು. ಗೆರೆ ಗೆರೆಯಾಗಿಯೇ ಇತ್ತು; ಅಳಿಸಿದ ಗುರುತು ಮಾತ್ರ ಉಳಿಯುತ್ತಿರಲಿಲ್ಲ. 1980ರ ದಶಕದ ಕೊನೆಗೆ ಬಂದ ಪ್ರೋ-ಇಂಜಿನಿಯರ್ ಮೊದಲಾದ ತಂತ್ರಾಂಶಗಳಿಂದ ಎರಡನೆಯ ಹಂತ ತೆರೆಯಿತು. ಅಲ್ಲಿ ನಕಾಶೆಯನ್ನು ಬರೆಯುವುದೇ ಇಲ್ಲ. ಘನಾಕೃತಿಯನ್ನು ಕಟ್ಟಲಾಗುತ್ತದೆ, ಮುನ್ನೋಟ ಮೇಲ್ನೋಟಗಳನ್ನು ಯಂತ್ರವೇ ಅದರಿಂದ ತೆಗೆದುಕೊಡುತ್ತದೆ. ಅಂಕಿಯನ್ನು ಬದಲಿಸಿದರೆ ಆಕೃತಿ ತಾನಾಗಿ ಬದಲಾಗುತ್ತದೆ. ಅಂಕಿ ಮತ್ತು ಗೆರೆ ಪರಸ್ಪರ ವಿರೋಧಿಸಲಾರವು.

ಈ ಎರಡು ಲೋಕಗಳ ಅಂತರವನ್ನು ಕಾಣಲು ಬೆಂಗಳೂರಿನಲ್ಲಿ ಹುಟ್ಟಿದ ಎರಡು ವಿಮಾನಗಳನ್ನು ನೆನೆದರೆ ಸಾಕು. ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಎಚ್.ಎ.ಎಲ್. ರೂಪಿಸಿದ ‘ಮಾರುತ’ 1961ರ ಜೂನ್‌ನಲ್ಲಿ ಹಾರಿತು. ಅದರ ಆಕಾರವನ್ನು ಪರೀಕ್ಷಿಸಲು ಮೊದಲು ಪೂರ್ಣ ಅಳತೆಯ ಮರದ ಗ್ಲೈಡರನ್ನು ಕಟ್ಟಿ ಹಾರಿಸಿದರು. 2001ರ ಜನವರಿ 4ರಂದು ಹಾರಿದ ‘ತೇಜಸ್’ ವಿಮಾನದ ನಾರುಪದರಗಳ ರಚನೆಗಾಗಿ ಅಲ್ಲಿಯ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ‘ಆಟೋಲೇ’ ಎಂಬ ತಂತ್ರಾಂಶವನ್ನೇ ತಯಾರಿಸಿತು. ಮುಂದೆ ಅದನ್ನು ಏರ್‌ಬಸ್ ಕೂಡ ಬಳಸಿತು. ಪುಣೆಯಲ್ಲಿ ಈ ಪರಿವರ್ತನೆಗೆ ಜನ ಕೊಡುವ ಉದಾಹರಣೆ 1998ರಲ್ಲಿ ಬಂದ ಟಾಟಾ ಇಂಡಿಕಾ. ಪ್ರಾಸಂಗಿಕವಾಗಿ ಒಂದು ಮಾತು: ಅದೇ ಪುಣೆಯಲ್ಲಿ 1988ರಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆ ಸೂಪರ್ ಕಂಪ್ಯೂಟರಿನೊಡನೆ ಭಾರತೀಯ ಲಿಪಿಗಳ ‘ಜಿಸ್ಟ್’ ತಂತ್ರಜ್ಞಾನವನ್ನೂ ಬೆಳೆಸಿತು. ಕನ್ನಡದ ಅಕ್ಷರಗಳು ಗಣಕದ ಪರದೆಗೆ ಬಂದ ದಾರಿಗಳಲ್ಲಿ ಒಂದು ಈ ಊರಿನದು ಎಂಬುದನ್ನು ನಮ್ಮವರು ಮರೆತಂತಿದೆ.

ಮೂರನೆಯ ಟಿಪ್ಪಣಿ ಪುಸ್ತಕ ಈ ಸಂಧಿಕಾಲದ್ದು. 1995ರ ಸುಮಾರಿಗೆ ಅವರ ಕಾರ್ಖಾನೆ ಹಳೆಯ ನಕಾಶೆಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸವನ್ನು ಆರಂಭಿಸಿತು. ಇದಕ್ಕಾಗಿ ನೇಮಕವಾದ ಹುಡುಗರು ಹೆಸರಿಗೆ ಕ್ಯಾಡ್ ಆಪರೇಟರರು; ಮಾಡಿದ್ದು ಮಾತ್ರ ಟ್ರೇಸರರ ಕೆಲಸವನ್ನೇ. ಅಷ್ಟು ಹೊತ್ತಿಗೆ ಟ್ರೇಸರ್ ಎಂಬ ಹುದ್ದೆಯನ್ನು ರದ್ದುಮಾಡಿ ಆಗಿತ್ತು; ಅದರಲ್ಲಿದ್ದವರು ಉಗ್ರಾಣಕ್ಕೂ ರವಾನೆ ವಿಭಾಗಕ್ಕೂ ಹಂಚಿಹೋಗಿದ್ದರು. ಪಂಪೊಂದನ್ನು ಹೊರುವ ಎರಕದ ಬ್ರಾಕೆಟ್ಟಿನ ನಕಾಶೆಯನ್ನು ಅಕ್ಷರಶಃ ಇಳಿಸಿ, ಅದರಂತೆ ಹೊಸ ಪಡಿಯಚ್ಚನ್ನು ಮಾಡಿಸಿ, ಎರಕ ಹೊಯ್ಯಿಸಿದಾಗ ರಂಧ್ರಗಳು ಪಂಪಿಗೆ ಹೊಂದಲಿಲ್ಲ. ಮೂರು ಮಿಲಿಮೀಟರುಗಳ ವ್ಯತ್ಯಾಸ. ನಕಾಶೆ ಸರಿಯಾಗಿಯೇ ಇಳಿದಿತ್ತು. ಇಪ್ಪತ್ತು ವರ್ಷಗಳಿಂದ ಅದೇ ಬ್ರಾಕೆಟ್ಟು ಹೊಂದುತ್ತಲೂ ಇತ್ತು. ಎರಡು ವಾರ ಯಾರಿಗೂ ಕಾರಣ ತಿಳಿಯಲಿಲ್ಲ.

ಉತ್ತರ ಇದ್ದದ್ದು 1974ರ ಅವರ ಟಿಪ್ಪಣಿಯಲ್ಲಿ. ಪಕ್ಕದ ಒಂದು ನಳಿಗೆಯ ದಾರಿ ಬದಲಾದುದರಿಂದ ರಂಧ್ರದ ದಿಂಡನ್ನು ಮೂರು ಮಿಲಿಮೀಟರ್ ಸರಿಸುವಂತೆ ಅವರು ಪಡಿಯಚ್ಚಿನ ಬಡಗಿಗೆ ಬಾಯಿಮಾತಿನಲ್ಲಿ ಹೇಳಿದ್ದರು. ಬಡಗಿ ಮರವನ್ನು ಅಂಟಿಸಿ ಸರಿಪಡಿಸಿದ್ದನು. ಮೂಲಪ್ರತಿಯಲ್ಲಿ ಆ ಜಾಗ ಅದಾಗಲೇ ಎರಡು ಬಾರಿ ಕೆರೆದದ್ದು. ಮುಂದಿನ ಸಲ ಹೊಸ ಹಾಳೆ ತೆಗೆಯುವಾಗ ಸೇರಿಸೋಣವೆಂದು ಅವರು ತಮ್ಮ ಪುಸ್ತಕದಲ್ಲಿ ಎರಡು ಸಾಲು ಬರೆದುಕೊಂಡರು. ಹೊಸ ಹಾಳೆ ತೆಗೆಯುವ ಪ್ರಸಂಗ ಬರಲೇ ಇಲ್ಲ. ಲಿಖಿತ ಪಾಠ ಒಂದು, ಮರದಲ್ಲಿದ್ದ ಪಾಠ ಮತ್ತೊಂದು. ಎರಡನ್ನೂ ಬೆಸೆಯುತ್ತಿದ್ದದ್ದು ಇಬ್ಬರ ನೆನಪು. ಬಡಗಿ ತೀರಿಕೊಂಡಿದ್ದನು. ತಪ್ಪು ತಮ್ಮದೇ ಎಂದು ಸೋದರಮಾವನವರು ಪುಸ್ತಕವನ್ನು ತೆರೆದು ಮೇಲಧಿಕಾರಿಯ ಮುಂದಿಟ್ಟರಂತೆ. ಅವನಿಗೆ ಕನ್ನಡ ಓದಲು ಬಾರದು. ತಾವೇ ಮರಾಠಿಯಲ್ಲಿ ಓದಿ ಹೇಳಿದರು.

ಈ ಪ್ರಸಂಗವನ್ನು ಹಳೆಯ ಪದ್ಧತಿಯ ಹಿರಿಮೆಗೆ ಸಾಕ್ಷಿಯೆಂದು ಬಳಸುವುದು ಸರಿಯಾಗದು. ಬಿರುಕು ಇದ್ದದ್ದರಿಂದಲೇ ತಪ್ಪು ಅಡಗಿ ಕುಳಿತಿತ್ತು. ಘನಾಕೃತಿಯ ತಂತ್ರಾಂಶದಲ್ಲಿ ಬ್ರಾಕೆಟ್ಟನ್ನೂ ಪಂಪನ್ನೂ ಪರದೆಯ ಮೇಲೆಯೇ ಜೋಡಿಸಿ ನೋಡಬಹುದಾಗಿತ್ತು. ಲೋಹ ಕರಗುವ ಮೊದಲೇ ದೋಷ ಕಾಣುತ್ತಿತ್ತು. ಬೆನ್ನು ಬಾಗಿದ, ಕಣ್ಣು ಮಸುಕಾದ ಟ್ರೇಸರರ ಬದುಕಿಗೆ ಮರುಗಿ ಆ ದಿನಗಳನ್ನೇ ಹೊಗಳುವುದು ಅನ್ಯಾಯ. ಆದರೂ ಒಂದು ನಷ್ಟವನ್ನು ಹೇಳದೆ ಇರಲಾಗದು. ಒಬ್ಬನು ಬರೆದದ್ದನ್ನು ಮತ್ತೊಬ್ಬನು ನಿಧಾನವಾಗಿ ಕೈಯಿಂದ ಮತ್ತೆ ಬರೆಯುವಾಗ, ಮೂರನೆಯವನು ಬೆರಳಿಟ್ಟು ಓದುವಾಗ ಆಗುತ್ತಿದ್ದ ವಾಚನ ಇಂದಿಲ್ಲ. ವಿನ್ಯಾಸಕಾರ, ಡ್ರಾಫ್ಟ್ಸ್‌ಮನ್, ಟ್ರೇಸರ್ ಮೂವರೂ ಒಬ್ಬನಲ್ಲೇ ಲೀನರಾಗಿದ್ದಾರೆ. ತಂತ್ರಾಂಶವು ಯಾರು ಯಾವ ಕ್ಷಣದಲ್ಲಿ ತಿದ್ದಿದರೆಂಬುದನ್ನು ಸೆಕೆಂಡಿನವರೆಗೆ ದಾಖಲಿಸಬಲ್ಲದು. ಏಕೆ ತಿದ್ದಿದರೆಂಬುದನ್ನು ಮನುಷ್ಯನು ಬರೆದರಷ್ಟೇ ಉಂಟು. ಹಳೆಯ ಚೌಕದಲ್ಲಿಯೂ ಕಾರಣ ಇರುತ್ತಿರಲಿಲ್ಲವೆಂಬುದು ನಿಜ. ಅದು ಟಿಪ್ಪಣಿ ಪುಸ್ತಕಗಳಲ್ಲಿ, ಚಹಾದ ಹೊತ್ತಿನ ಮಾತುಗಳಲ್ಲಿ ಇರುತ್ತಿತ್ತು.

ಆ ಮೂಲಪ್ರತಿಗಳ ಗತಿಯೇನಾಯಿತೆಂದು ಕಾರ್ಖಾನೆಯಲ್ಲಿ ವಿಚಾರಿಸಿದೆ. ಸ್ಕ್ಯಾನ್ ಮಾಡಿದ ಮೇಲೆ ಕಪಾಟುಗಳ ಸಮೇತ ಗುಜರಿಗೆ ಹಾಕಲಾಯಿತೆಂಬ ಉತ್ತರ ದೊರೆಯಿತು. ಸ್ಕ್ಯಾನಿನಲ್ಲಿ ಕೆರೆದ ಗುರುತು ಕಾಣುವುದಿಲ್ಲ. ಓಲೆಗರಿಗಳನ್ನು ಊರೂರು ಅಲೆದು ಸಂಗ್ರಹಿಸಿದ ನಮ್ಮ ಹಿರಿಯರಿಗೆ ಸಾಹಿತ್ಯವೆಂಬ ಪ್ರಭಾವಳಿಯ ಬೆಂಬಲವಿತ್ತು. ಯಂತ್ರಭಾಗದ ನಕಾಶೆಗೆ ಅದಿಲ್ಲ. ಕನ್ನಡಿಗರ ವಲಸೆಯ ಇತಿಹಾಸವನ್ನು ಬರೆಯುವವರು ಸಂಘಸಂಸ್ಥೆಗಳ ವರದಿಗಳನ್ನೂ ಸಮ್ಮೇಳನದ ಸಂಚಿಕೆಗಳನ್ನೂ ನೋಡುತ್ತಾರೆ. ಹೊರನಾಡಿನ ಕಾರ್ಖಾನೆಗಳಲ್ಲಿ ನಮ್ಮವರು ದುಡಿಮೆಯ ನಡುವೆ ಕನ್ನಡದಲ್ಲಿ ಏನು ಬರೆದುಕೊಂಡರೆಂದು ಕೇಳಿದವರು ವಿರಳ. ಈ ಪುಸ್ತಕಗಳ ಭಾಷೆಯೇ ಅಧ್ಯಯನಯೋಗ್ಯವಾಗಿದೆ. ‘ಸೆಕ್ಷನ್ ಹೊಡಿ’, ‘ಗೆರಿ ಸಾಯಿಸು’, ‘ತೂತಿಗೆ ಉಸಿರು ಬಿಡು’ ಎಂಬ ಪ್ರಯೋಗಗಳು ಯಾವ ಪಾರಿಭಾಷಿಕ ಕೋಶದಲ್ಲಿಯೂ ನನಗೆ ದೊರೆಯಲಿಲ್ಲ. ಕೊನೆಯದರ ಅರ್ಥ, ಮೊಳೆಗಿಂತ ರಂಧ್ರವನ್ನು ಕೂದಲೆಳೆಯಷ್ಟು ಹಿಗ್ಗಿಸು ಎಂದು.

ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಮೊದಲ ವರ್ಷದ ಪಠ್ಯವಿಷಯದ ಹೆಸರನ್ನೇ ಕಂಪ್ಯೂಟರ್ ಏಡೆಡ್ ಇಂಜಿನಿಯರಿಂಗ್ ಡ್ರಾಯಿಂಗ್ ಎಂದು ಮಾಡಿತು. ಧನಕವಡಿಯ ನನ್ನ ಸೋದರಮಾವನವರ ಮನೆ ಈಗ ಬಾಡಿಗೆಗೆ ಹೋಗಿದೆ. ಅಲ್ಲಿರುವ ಇಬ್ಬರು ವಿದ್ಯಾರ್ಥಿಗಳು ಲ್ಯಾಪ್‌ಟಾಪಿನ ಮೇಲೆ ಇಂಜಿನ್ನಿನ ಭಾಗಗಳನ್ನು ಬೆರಳಿನಿಂದ ತಿರುಗಿಸಿ ನನಗೆ ತೋರಿಸಿದರು. ಮೂರನೆಯ ಪುಸ್ತಕದ ಕೊನೆಯ ಬರಹ 1999ರದು. ಕಂಪ್ಯೂಟರಿಗೆ ಇಳಿಸಿದ ಹನ್ನೊಂದು ಎರಕಗಳ ಸಂಖ್ಯೆಗಳನ್ನು ಬರೆದು, ಪ್ರತಿಯೊಂದರಲ್ಲಿ ಮರಳಿನ ಅಚ್ಚು ಯಾವ ಕಡೆಗೆ ಜಾರುತ್ತದೆಂಬುದನ್ನು ಅವರು ನಮೂದಿಸಿದ್ದಾರೆ. ಪಕ್ಕದಲ್ಲಿ ಕೆಂಪು ಮಸಿಯಿಂದ, ಹುಡುಗರಿಗೆ ಹೇಳುವುದು ಎಂದಿದೆ. ಏಳರ ಮುಂದೆ ಸರಿಯೆಂಬ ಗುರುತು ಇದೆ. ನಾಲ್ಕರ ಮುಂದೆ ಇಲ್ಲ.